ಬಿರ್ಕೊ ದೀದಿಯ ತಾಮ್ರದ ರೇಡಿಯೇಟರ್

ಹರ್ಕಮಾಯಾಳ ತಾತ ರಣಧ್ವಜ ಕಾಮಿ. ನೇಪಾಳದ ಭೋಜಪುರದ ಕುಲುಮೆಯವನು. ಇಲಾಮಿನ ಗುಡ್ಡಗಳನ್ನು ದಾಟಿ ಗಡಿಯೂರು ಮಾನೇಭಂಜ್ಯಾಂಗಿಗೆ ಬಂದಾಗ ಅವನ ಬೆನ್ನ ಮೇಲಿದ್ದದ್ದು ಒಂದು ತಿದಿ, ಒಂದು ಸುತ್ತಿಗೆ, ಸುರುಳಿ ಸುತ್ತಿದ ತಾಮ್ರದ ತಗಡು, ಅಷ್ಟೆ. ಅವನು ಬಡಿದ ಕೊಡ ಗುಡ್ಡದ ನೆತ್ತಿಯಿಂದ ಉರುಳಿ ಕಣಿವೆಗೆ ಬಿದ್ದರೆ ತಗ್ಗಾಗುತ್ತಿತ್ತೇ ಹೊರತು ಸೋರುತ್ತಿರಲಿಲ್ಲ. ಮಗಳ ಮದುವೆಗೆ ಕೊಡ ಬೇಕೆಂದರೆ ಮೇಲುಜಾತಿಯ ಬಾಹುನರೂ ಛೇತ್ರಿಗಳೂ ಅವನ ಬಾಗಿಲಿಗೇ ಬರಬೇಕು. ಆದರೆ ಕಾಮಿ ಮಾಡಿದ ಕೊಡ ಎಲ್ಲರ ಅಡುಗೆಮನೆಗೆ ಬೇಕು, ಕಾಮಿ ತುಂಬಿದ ನೀರು ಯಾರ ಬಾಯಿಗೂ ಬೇಡ. ಆ ಕಾಲದ ನಡೆ ಅದು. ಊರ ಚಿಲುಮೆಯ ಹತ್ತಿರ ರಣಧ್ವಜ ತಾನೇ ಮಾಡಿದ ಕೊಡ ಹಿಡಿದು ದೂರ ನಿಲ್ಲಬೇಕಿತ್ತು, ಯಾರಾದರೂ ಮನಸ್ಸು ಮಾಡಿ ಎತ್ತಿ ಸುರಿಯುವ ತನಕ.

ಒಂದು ಬೇಸಿಗೆ ಅವನಿಗೆ ನಿಂತು ನಿಂತು ಸಾಕಾಯಿತು. ಬಜಾರಿನ ಕೆಳಗಿನ ದರೆಯಲ್ಲಿ ಜರಿಗಿಡ ಹಸಿರಾಗಿದ್ದ ಜಾಗ ನೋಡಿ ಅಗೆದ. ನೀರು ಸಿಕ್ಕಿತು. ಕಲ್ಲು ಕಟ್ಟಿ, ತಾಮ್ರದ ಕೊಳವೆ ಕೂರಿಸಿ, ನೀರಿನ ಧಾರೆ ಮಾಡಿ, ಯಾರು ಬೇಕಾದರೂ ಹಿಡಿದುಕೊಳ್ಳಲಿ ಎಂದು ಬಿಟ್ಟ. ಯಾರೂ ಬರಲಿಲ್ಲ. ಮನೆಯವರನ್ನು ಬಿಟ್ಟರೆ ಆ ನೀರನ್ನು ಮೊದಲು ಕುಡಿದದ್ದು ಒಂದು ಮೋಟಾರು. ಚಹಾತೋಟದ ಸಾಹೇಬನ ಲ್ಯಾಂಡ್‌ರೋವರ್ ಬುಸುಗುಟ್ಟುತ್ತ, ಮೂತಿಯಿಂದ ಹಬೆ ಬಿಡುತ್ತ ಬಂದು ಅಲ್ಲೇ ನಿಂತಿತು. ಡ್ರೈವರನಿಗೆ ಯಾರ ಧಾರೆ, ಯಾರ ಜಾತಿ ಎಂದು ವಿಚಾರಿಸುವಷ್ಟು ಪುರುಸೊತ್ತು ಇರಲಿಲ್ಲ.

ಆ ಗಾಡಿಯ ಹೊಟ್ಟೆಯೊಳಗೆ ಇಣುಕಿ ನೋಡಿದವನು ರಣಧ್ವಜನ ಮಗ ಕುಲಮಾನ್, ಹರ್ಕಮಾಯಾಳ ತಂದೆ. ಅಪ್ಪನ ಕೊಡಕ್ಕೆ ಒಂದೇ ಹೊಟ್ಟೆ, ಇದರ ರೇಡಿಯೇಟರಿಗೋ ನೂರಾರು ಕರುಳು. ಆದರೂ ಎರಡೂ ತಾಮ್ರವೇ, ಎರಡರ ಕೆಲಸವೂ ನೀರು ಹಿಡಿದಿಡುವುದೇ ಎಂದು ಅವನಿಗೆ ಅಲ್ಲೇ ಹೊಳೆಯಿತಂತೆ. ನೋಡಿ ನೋಡಿ, ಸುಟ್ಟುಕೊಂಡು, ಕೆಡಿಸಿ, ಮತ್ತೆ ಬೆಸೆದು ಕಲಿತ. ಒಮ್ಮೆ ತೋಟದ ಮ್ಯಾನೇಜರೊಬ್ಬ ಕುದಿಯುವ ಗಾಡಿಯ ಮುಚ್ಚಳವನ್ನು ಈಗಲೇ ತೆಗೆ ಎಂದು ಗದರಿದ. ಕುಲಮಾನ್ ತೆಗೆದ. ಹಬೆ ಎದ್ದು ಎಡಗೈ ಮೊಣಕೈತನಕ ಬೆಂದುಹೋಯಿತು. ಗಾಯ ಮಾಗಿದ ಮೇಲೆ ಅವನು ತೋಟಕ್ಕೆ ಹೋಗಿ, ಮ್ಯಾನೇಜರನ ಎದುರಿಗೇ ನಿಂತು, "ಗಾಡಿ ತಮ್ಮದು ಹುಜೂರ್, ಮುಚ್ಚಳದ ಮಾತು ನಂದು," ಎಂದು ಹೇಳಿ ಬಂದ. ಆಮೇಲೆ ಆ ಗುಡ್ಡದಲ್ಲಿ ಬಿಸಿ ಗಾಡಿಯ ಮುಚ್ಚಳವನ್ನು ಕುಲಮಾನ್ ಹೇಳದೆ ಯಾರೂ ಮುಟ್ಟುತ್ತಿರಲಿಲ್ಲ. ತೋಟಗಳವರು ಹಳೆಯ ಗಾಡಿಗಳನ್ನು ಮಾರತೊಡಗಿದಾಗ ಯಾರಿಗೂ ಬೇಡವಾಗಿದ್ದ ಒಂದನ್ನು ತಂದು, ಜೀಪಿನ ಡೀಸೆಲ್ ಎಂಜಿನ್ ಕೂರಿಸಿ, ಪ್ರವಾಸಿಗರನ್ನು ಗುಡ್ಡದ ತುದಿಗೆ ಒಯ್ಯುವ ಸಂದಕ್‌ಫು ದಾರಿಗೆ ಬಿಟ್ಟ. ಎಂಜಿನ್ ಬದಲಾಯಿತು, ರೇಡಿಯೇಟರ್ ಮಾತ್ರ ಮೊದಲಿನದೇ. ಅದಕ್ಕೆ ಅವನು ಬೇರೆ ಯಾರನ್ನೂ ಕೈ ಹಚ್ಚಲು ಬಿಡಲಿಲ್ಲ.

ಇಂಥ ವಂಶದವಳು ಹರ್ಕಮಾಯಾ. ಮಾನೇಭಂಜ್ಯಾಂಗಿನಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಬಿರ್ಕೊ ದೀದಿ ಎನ್ನಬೇಕು. ಬಿರ್ಕೊ ಎಂದರೆ ಮುಚ್ಚಳ. ಗುಡ್ಡದ ಅರ್ಧ ಗಾಡಿಗಳ ರೇಡಿಯೇಟರ್ ಮುಚ್ಚಳ ಅವಳ ಕೈ ಹಾದು ಬಂದದ್ದು.

ಆ ಎತ್ತರದ ಬಾಳು ಎಂಥದ್ದು ಎಂದು ಅಲ್ಲಿ ಬೇಳೆ ಬೇಯಿಸಿದ ಹೆಂಗಸರನ್ನು ಕೇಳಬೇಕು. ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಕಸುವಿರುವುದಿಲ್ಲ. ಬೇಳೆ ಗಂಟೆಗಟ್ಟಲೆ ಕುಣಿದರೂ ಕಲ್ಲಿನಂತೆಯೇ ಇರುತ್ತದೆ. ಕುಕ್ಕರ್ ಮುಚ್ಚಿ ಹಬೆಯನ್ನು ಒಳಗೇ ಕಟ್ಟಿಹಾಕಿದರೆ ಮಾತ್ರ ಬೇಯುತ್ತದೆ. ಹರ್ಕಮಾಯಾ ಹುಡುಗಿಯಾಗಿದ್ದಾಗ ತಂದೆ ಅವಳಿಗೆ ಮೊದಲು ಕೊಟ್ಟ ಕೆಲಸ ಬಜಾರಿನ ಕುಕ್ಕರುಗಳಿಗೆ ರಬ್ಬರು ಹಾಕುವುದು. ಅದರಿಂದಲೇ ಅವಳಿಗೆ ಗಾಡಿಯ ಗುಟ್ಟು ತಿಳಿಯಿತು. ರೇಡಿಯೇಟರಿನ ಮುಚ್ಚಳವೂ ಹಬೆಯನ್ನು ಒಳಗೆ ಅದುಮಿ ಹಿಡಿದರೆ ನೀರು ಬೇಗ ಕುದಿಯುವುದಿಲ್ಲ. ಹಾಗೆಂದು ಸ್ಪ್ರಿಂಗು ತೀರ ಗಡಸಾದರೆ ಹಳೆಯ ಬೆಸುಗೆ ಬಾಯಿ ಬಿಡುತ್ತದೆ. ಸಡಿಲವಾದರೆ ಗೈರಿಬಾಸಿನ ಆಚೆಯ ಏರು ಮುಗಿಯುವ ಮೊದಲೇ ನೀರೆಲ್ಲ ದಾರಿಯ ಪಾಲು. ಇವೆರಡರ ನಡುವೆ ಒಂದು ಹದವಿದೆ. ಅವಳು ಸೈಕಲ್ ಪಂಪಿನ ಬಾಯಿಗೆ ಗಾಳಿಯ ಒತ್ತಡ ತೋರಿಸುವ ಮುಳ್ಳು ಜೋಡಿಸಿ, ಮುಚ್ಚಳವನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಮೊದಲ ಗುಳ್ಳೆ ಯಾವಾಗ ಏಳುತ್ತದೆ ಎಂದು ನೋಡುತ್ತಾಳೆ. ಬೇಗ ಎದ್ದರೆ ಸ್ಪ್ರಿಂಗನ್ನು ಎಳೆಯುತ್ತಾಳೆ, ತಡವಾದರೆ ಅದುಮುತ್ತಾಳೆ.

ನೀರು ತುಂಬುವುದರಲ್ಲೂ ಅವಳದೇ ಒಂದು ಕಟ್ಟಳೆ. ಉಳಿದ ಡ್ರೈವರುಗಳು ಕಂಠದ ತನಕ ತುಂಬುತ್ತಾರೆ, ಗಾಡಿ ಬಿಸಿಯಾದೊಡನೆ ಹೆಚ್ಚಿನದು ಹೊರಗೆ ಉಗುಳುತ್ತದೆ, ನೀರು ಕಡಿಮೆಯಾಯಿತು ಎಂದು ಮತ್ತೆ ತುಂಬುತ್ತಾರೆ, ಮತ್ತೆ ಉಗುಳುತ್ತದೆ. ಅವಳು ಎರಡು ಬೆರಳು ಜಾಗ ಬಿಡುತ್ತಾಳೆ. ಉಗುಳುವ ಕೊಳವೆಯ ತುದಿಗೆ ಒಳಗಿನ ನೀರು ಹೊರಗೆ ಕಾಣುವಂಥ ಎಣ್ಣೆಯ ಬಿಳಿ ಕ್ಯಾನು ಕಟ್ಟಿ, ಓಡಿಸುವಾಗ ಕಣ್ಣಿಗೆ ಬೀಳುವ ಹಾಗೆ ಮುಂದಿನ ಗಾಲಿಯ ಮೇಲಿನ ತಗಡಿಗೆ ಬಿಗಿದಿದ್ದಾಳೆ. ಕೊಳವೆಯ ತುದಿ ಕ್ಯಾನಿನ ತಳದ ನೀರಿನಲ್ಲಿ ಮುಳುಗಿಯೇ ಇರಬೇಕು. ಬಿಸಿಯಾದಾಗ ಉಕ್ಕಿದ ನೀರು ಕ್ಯಾನಿಗೆ ಬರುತ್ತದೆ, ತಣಿದಾಗ ರೇಡಿಯೇಟರ್ ಅದನ್ನೇ ವಾಪಸು ಹೀರಿಕೊಳ್ಳುತ್ತದೆ. ಹಳೆಯ ಮುಚ್ಚಳ ಇದಕ್ಕೆ ಬಗ್ಗದು. ಅದರ ಮೇಲಂಚಿಗೂ ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಕೂರಿಸಿದಳು, ಗಾಳಿ ನುಸುಳದಂತೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಕುಕ್ಕರ್ ತಣಿಯುವಾಗ ಒಳಕ್ಕೆ ಉಸಿರೆಳೆಯುವುದನ್ನು ಕೇಳಿ ಕೇಳಿ ತಲೆಗೆ ಬಂದದ್ದು.

ಕುಲಮಾನನ ನಂತರ ಗಾಡಿ ಓಡಿಸುತ್ತಿದ್ದ ಗಂಡ ಪದಮ್ ಎದೆಯ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವಳೇ ಸ್ಟೇರಿಂಗ್ ಹಿಡಿದಳು. ಮೊದಲ ದಿನ ಸ್ಟ್ಯಾಂಡಿನಲ್ಲಿ ಡ್ರೈವರುಗಳ ಬಾಯಿಗೆ ಬೀಗವಿರಲಿಲ್ಲ.

"ಇನ್ಮೇಲೆ ಗಾಡಿನೂ ಸೌಟಲ್ಲಿ ತಿರುವ್ತಾರಪ್ಪ," ಎಂದ ಒಬ್ಬ.

"ತಿರುವ್ತೀನಿ," ಎಂದಳು ಹರ್ಕಮಾಯಾ. "ತಳ ಹತ್ತದ ಹಂಗೆ. ನಿಂದು ಆಗ್ಲೇ ಸೀದ ವಾಸ್ನೆ ಬರ್ತಾ ಐತೆ, ಕ್ಲಚ್ಚು ನೋಡ್ಕೊ."

ಆ ಮಾತಿನ ಮೇಲೆ ಎಷ್ಟೋ ಚಳಿಗಾಲ ಕಳೆದವು. ಅವಳ ಕೂದಲು ನೆರೆಯಿತು. ಅವಳನ್ನು ಹಂಗಿಸಿದವರೇ ಮುಚ್ಚಳ ಹಿಡಿದು ಅವಳ ಜಗಲಿಯಲ್ಲಿ ಕೂರುವಂತಾಯಿತು.

ಕಷ್ಟ ಬಂದದ್ದು ಅವಳು ವಿಷಮಜ್ವರ ಹಿಡಿದು ಮಲಗಿದ ಶರತ್ಕಾಲದಲ್ಲಿ. ಆ ಸೀಜನ್ನಿನಲ್ಲಿ ಗಾಡಿಯನ್ನು ಅವಳ ತಮ್ಮ ಜಸ್‌ಬೀರ್ ಓಡಿಸಿದ. ಒಳ್ಳೆಯ ಮನುಷ್ಯ, ಆದರೆ ಅಕ್ಕನ ಹಳೆಯ ಮುಚ್ಚಳದ ಮೇಲೆ ನಂಬಿಕೆ ಇರಲಿಲ್ಲ. ಸಿಲಿಗುರಿಯಿಂದ ಹೊಸ ಕಾಲದ ಗಟ್ಟಿ ಮುಚ್ಚಳ ತಂದು ಹಾಕಿದ. ಗಟ್ಟಿಯದು ಹಬೆಯನ್ನು ಬಿಡಲೇ ಇಲ್ಲ. ಮೇಲಿನ ತೊಟ್ಟಿಯ ಬೆಸುಗೆ ಬಿರಿದು, ಕೈಯಾಕಟ್ಟಾದ ಏರಿನಲ್ಲಿ ನೀರೆಲ್ಲ ಸುರಿದು ಗಾಡಿ ನಿಂತಿತು. ಸಾಬೂನು ಮೆತ್ತಿ ಮತ್ತೆ ಹೊರಟ. ಮರುವಾರ ಮತ್ತೆ ಅದೇ ಏರಿನಲ್ಲಿ ನಿಂತ. ಆಗಿನ್ನೂ ಆ ದಾರಿಗೆ ಕಾಂಕ್ರೀಟು ಬಿದ್ದಿರಲಿಲ್ಲ, ಬರೀ ಉಂಡೆಗಲ್ಲು. ಒಂದು ಗಾಡಿ ನಿಂತರೆ ಹಿಂದಿನ ಸಾಲೆಲ್ಲ ನಿಂತ ಹಾಗೆಯೇ.

ಚಳಿ ಕಳೆದು ಗುರಾಂಸ್ ಹೂವು ಅರಳುವ ಹೊತ್ತಿಗೆ ಗಾಡಿ ಮಾಲೀಕರ ಸಭೆ ಸೇರಿತು. ಸಂಘದ ಹಿರಿಯ ಸೂರ್ಯಮಾನ್ ಯೊಂಜನ್, ಎಲ್ಲರಿಗೂ ದಾಜು, ಅಂದರೆ ಅಣ್ಣ. ಕೇಡು ಬಗೆಯುವವನಲ್ಲ, ಆದರೆ ಸಾಲಿನ ಶಿಸ್ತು ಅವನ ಹೆಗಲ ಮೇಲಿತ್ತು.

"ಬೈನಿ, ಬೇಜಾರು ಮಾಡ್ಕೋಬೇಡ," ಎಂದ, ತಂಗಿಗೆ ಹೇಳುವ ಹಾಗೆ. "ನಿನ್ನ ಗಾಡಿ ದಾರೀಲಿ ಕುದ್ದು ನಿಂತು ಎಲ್ಲಾರ್ದೂ ಮಾನ ಹೋಯ್ತು. ಕಲ್ಕತ್ತೆ ಬಾಬು ಒಬ್ಬ ನನ್ನ ಕಾಲರ್ ಹಿಡಿಯೋದೊಂದು ಬಾಕಿ."

"ಆವಾಗ ಓಡಿಸ್ತಿದ್ದದ್ದು ಜಸ್‌ಬೀರ್, ದಾಜು. ನಾನು ಹಾಸ್ಗೆ ಹಿಡ್ದಿದ್ದೆ."

"ಓಡಿಸ್ದೋರು ಯಾರಾದ್ರೇನು? ನಂಬರು ನಿನ್ನ ಗಾಡೀದು. ಅದನ್ನ ಬಿಟ್ಟುಕೊಡ್ಲಿ ಅಂತ ಎಲ್ಲಾರೂ ಕೇಳ್ತಾ ಇದಾರೆ."

ನಂಬರು ಎಂದರೆ ಸಾಲಿನಲ್ಲಿ ಗಾಡಿಯ ಸರದಿ. ಅದು ಕುಲಮಾನನ ಕಾಲದಿಂದ ಬಂದದ್ದು. ಒಮ್ಮೆ ಕೈತಪ್ಪಿದರೆ ಕಾದು ಕೂತ ಇನ್ನೊಬ್ಬನ ಪಾಲಾಗುತ್ತದೆ, ಮತ್ತೆ ಬರುವುದಿಲ್ಲ. ಹೆಂಗಸೊಬ್ಬಳಿಗೆ, ಅದರಲ್ಲೂ ಕಾಮಿ ಮನೆಯವಳಿಗೆ ಆ ಸಾಲಿನಲ್ಲಿ ಹೊಸದಾಗಿ ಜಾಗ ಸಿಗುವುದು ಕನಸಿನ ಮಾತು ಎಂದು ಅವಳಿಗೆ ಗೊತ್ತಿತ್ತು. ನಂಬರು ಹೋದರೆ ಅವಳು ಜಗಲಿಯ ಮೇಲೆ ಕುಕ್ಕರಿಗೆ ರಬ್ಬರು ಹಾಕುವ ಮುದುಕಿ, ಅಷ್ಟೆ.

ಫುರ್ಬಾ ಶೇರ್ಪಾ ಎಂಬ ಪ್ರಾಯದ ಡ್ರೈವರ್ ಮೂಲೆಯಿಂದ ಬಾಯಿ ಹಾಕಿದ. "ದೀದಿ, ಹೊಸ ರೇಡಿಯೇಟರ್ ಹಾಕ್ಸಿಬಿಡಿ. ಆ ಹಳೇ ತಾಮ್ರಾನ ಕೊಡ ಬಡಿದು ಮಾರಿ."

"ಬಡೀತೀನಿ ಕಣೋ, ನಿನ್ನ ಮದ್ವೆಗೇ ಕೊಡೋಣ ಅಂತ. ಹೆಣ್ಣೊಂದು ಒಪ್ಪಲಿ ಅಂತ ಕಾಯ್ತಾ ಇದೀನಿ."

ಸಭೆ ನಕ್ಕಿತು. ನಗು ನಿಂತ ಮೇಲೆ ಹರ್ಕಮಾಯಾ ಎದ್ದು ನಿಂತಳು. "ದಾಜು, ಬರೋ ಶನಿವಾರ ಸಾಲಿನ ನಡುವೆ ನನ್ನ ಬಿಡಿ. ನನ್ನ ಹಿಂದಿನ ಗಾಡೀಲಿ ನೀವೇ ಕೂತ್ಕೊಳ್ಳಿ. ಸಂದಕ್‌ಫು ಮುಟ್ಟೋ ತನಕ ನನ್ನ ಗಾಡಿಯಿಂದ ಒಂದು ತೊಟ್ಟು ನೀರು ಕಲ್ಲಿನ ಮೇಲೆ ಬಿದ್ರೆ ನಂಬರಿನ ತಗಡನ್ನ ನಾನೇ ಬಿಚ್ಚಿ ನಿಮ್ಮ ಕೈಗೆ ಇಡ್ತೀನಿ. ಬೀಳದಿದ್ರೆ ಇನ್ನು ಈ ಮಾತು ಎತ್ತಬಾರ್ದು."

ಯೊಂಜನ್ ಗಡ್ಡ ತುರಿಸಿಕೊಂಡು, "ಆಯ್ತು," ಎಂದ.

ಆ ವಾರ ಅವಳು ಮೇಲಿನ ತೊಟ್ಟಿಯನ್ನು ಬಿಚ್ಚಿ, ಬಿರಿದ ಬೆಸುಗೆಯನ್ನೆಲ್ಲ ಕರಗಿಸಿ ತೆಗೆದು, ಹೊಸದಾಗಿ ಸೀಸ ಹರಿಸಿದಳು. ಕರುಳುಗಳಿಗೆ ಹುಣಸೆ ನೀರು ಹಾಯಿಸಿ ಕಿಲುಬು ತೊಳೆದಳು. ತನ್ನ ಮುಚ್ಚಳವನ್ನು ಬಾಣಲೆಯಲ್ಲಿ ಮುಳುಗಿಸಿ ಮತ್ತೆ ಮತ್ತೆ ನೋಡಿದಳು. ಗಾಡಿಯಲ್ಲಿ ಅವಳ ಕಣ್ಣಿಗೆ ಬೀಳದ ತಪ್ಪು ಒಂದೂ ಉಳಿಯಲಿಲ್ಲ.

ತಪ್ಪು ಬಂದದ್ದು ಬೇರೆ ದಿಕ್ಕಿನಿಂದ, ಅದೂ ಕೈತುಂಬ ಪ್ರೀತಿ ಹೊತ್ತುಕೊಂಡು.

ಶನಿವಾರ ಬೆಳಗ್ಗೆ ಸ್ಟ್ಯಾಂಡಿಗೆ ಬಂದರೆ ಬಜಾರಿನ ಹೆಂಗಸರೆಲ್ಲ ಅಲ್ಲಿ ನಿಂತಿದ್ದಾರೆ. ಮೊಮೊ ಅಂಗಡಿಯವಳು, ತರಕಾರಿಯವಳು, ಬೌದ್ಧರ ಗೊಂಪಾದ ಹಿಂದಿನ ಓಣಿಯವರು, ಎಲ್ಲ ಅವಳಿಂದ ಕುಕ್ಕರ್ ರಿಪೇರಿ ಮಾಡಿಸಿಕೊಂಡವರೇ. ಕೈಯಲ್ಲಿ ಒಂದೊಂದು ಬಿಳಿಯ ಖಾದಾ. ಶುಭವಾಗಲಿ ಎಂದು ಒಬ್ಬೊಬ್ಬಳೂ ಬಂದು ಗಾಡಿಯ ಮೂತಿಯ ಜಾಲರಿಗೆ ರೇಷ್ಮೆಯ ಆ ಉದ್ದನೆ ವಸ್ತ್ರವನ್ನು ಕಟ್ಟಿದಳು. ಬೇರೆ ದಿನವಾದರೆ ಹರ್ಕಮಾಯಾ ಒಂದನ್ನು ಕನ್ನಡಿಗೆ ಸುತ್ತಿ ಉಳಿದದ್ದನ್ನು ಒಳಗಿಡುತ್ತಿದ್ದಳು. ಆ ದಿನ ಅವಳಿಗೆ ಅದು ತೋಚಲಿಲ್ಲ. ಅವಳ ತಾತನ ಧಾರೆಯ ನೀರನ್ನು ಮುಟ್ಟದ ಮನೆಗಳ ಸೊಸೆಯರೂ ಆ ಗುಂಪಿನಲ್ಲಿದ್ದರು. ಅವಳು ಬರೀ ತಲೆಯಾಡಿಸಿ, ಮುಖ ಆಚೆ ತಿರುಗಿಸಿಕೊಂಡು, ಗಾಡಿ ಹತ್ತಿ ಕೂತಳು.

ಪಕ್ಕದ ಸೀಟಿನಲ್ಲಿ ಕಾಲಿಪೋಖ್ರಿಗೆ ಮಗಳ ಮನೆಗೆ ಹೊರಟ ಸುಬೇದಾರ್ನಿ ಬೊಜ್ಯು. ಬಸ್ನೇತ್ ಸುಬೇದಾರರ ವಿಧವೆ, ಛೇತ್ರಿ ಮುದುಕಿ, ಊರಿಗೆಲ್ಲ ಬೊಜ್ಯು, ಅಂದರೆ ಅಜ್ಜಿ, ಬಾಯಿ ತುಂಬ ಅಡಕೆ. ಹಿಂದೆ ಪ್ರವಾಸದ ನಾಲ್ಕು ಹುಡುಗರು ಕುರಿಮರಿಗಳಂತೆ ಅದುಮಿಕೊಂಡು ಕೂತಿದ್ದರು.

"ಮೆತ್ತಗೆ ಹೋಗೇ," ಎಂದಳು ಬೊಜ್ಯು. "ಈ ಕಲ್ಲಲ್ಲಿ ಕುಲುಕಿ ಕುಲುಕಿ ನನ್ನ ಮೂಳೆಗಳ ಬೆಸುಗೇನೂ ಬಿಟ್ಟಾವು."

"ಬಿಟ್ರೆ ಹೇಳಿ ಬೊಜ್ಯು. ಸೀಸ ಮಿಕ್ಕಿದೆ."

ಮೇಘಮಾ ತನಕ ಮೋಡದೊಳಗೇ ದಾರಿ. ಗಾಡಿ ತನ್ನ ಪಾಡಿಗೆ ಗೊಣಗುತ್ತ ಹತ್ತಿತು. ಟುಮ್ಲಿಂಗ್ ದಾಟಿ ಗೈರಿಬಾಸಿಗೆ ಇಳಿಯುವಾಗ ಬಿಸಿಯ ಮುಳ್ಳು ಮಲಗಿದ್ದ ಬೆಕ್ಕಿನ ಹಾಗಿತ್ತು. ಗೈರಿಬಾಸಿನಲ್ಲಿ ಎಲ್ಲರೂ ಚಹಾ ಕುಡಿದರು. ಆಮೇಲೆ ಶುರುವಾಯಿತು ಕೈಯಾಕಟ್ಟಾದ ಏರು. ಮೊದಲ ಗೇರು, ಆಮೆಯ ನಡಿಗೆ, ಒಂದರ ಬಾಲ ಒಂದು ಹಿಡಿದ ಹಾಗೆ ಗಾಡಿಗಳು.

ಮೂರನೆಯ ತಿರುವಿನಲ್ಲಿ ಮುಳ್ಳು ಎದ್ದಿತು.

ಹರ್ಕಮಾಯಾ ಕ್ಯಾನಿನ ಕಡೆ ನೋಡಿದಳು. ನೀರು ಅರ್ಧಕ್ಕೆ ಬಂದಿತ್ತು, ಗುಳ್ಳೆ ಇರಲಿಲ್ಲ. ಅಂದರೆ ಬೆಸುಗೆ ಗಟ್ಟಿಯಾಗಿದೆ, ಮುಚ್ಚಳ ತನ್ನ ಕೆಲಸ ಮಾಡುತ್ತಿದೆ, ನೀರು ಎಲ್ಲೂ ಸೋರಿಲ್ಲ. ಹಾಗಾದರೆ ಬಿಸಿ ಯಾಕೆ? ಗಾಳಿ ಬೆನ್ನಿಗಿದ್ದರೆ ಈ ಏರಿನಲ್ಲಿ ಯಾವ ಗಾಡಿಯೂ ಸ್ವಲ್ಪ ಬಿಸಿಯಾಗುವುದೇ. ಇವತ್ತು ಗಾಳಿ ನೇಪಾಳದ ಕಡೆಯಿಂದ ನೇರ ಮುಖಕ್ಕೆ ಬೀಸುತ್ತಿದೆ. ಮುಖಕ್ಕೆ ಗಾಳಿ ಬಡಿದರೂ ಕಾಯುತ್ತಿದೆ ಎಂದರೆ ಗಾಳಿ ಒಳಗೆ ಹೋಗುತ್ತಿಲ್ಲ. ಅಷ್ಟು ಯೋಚಿಸುವಾಗ ಬಾನೆಟ್ಟಿನ ಅಂಚಿನಲ್ಲಿ ಏನೋ ಬೆಳ್ಳಗೆ ಪಟಪಟ ಬಡಿಯಿತು. ಖಾದಾದ ಕುಚ್ಚು.

ಒಳಗಿನ ಫ್ಯಾನು ಅಷ್ಟೂ ಖಾದಾಗಳನ್ನು ಜಾಲರಿಗೆ ಎಳೆದು ಅಂಟಿಸಿಕೊಂಡಿದೆ. ಮೂಗು ಬಾಯಿ ಎರಡನ್ನೂ ಕಂಬಳಿಯಲ್ಲಿ ಮುಚ್ಚಿ ಏರು ಹತ್ತಿಸಿದ ಹಾಗೆ. ಊರಿನ ಮುಚ್ಚಳಗಳಿಗೆಲ್ಲ ಹದ ಹೇಳುವವಳು ತನ್ನ ಗಾಡಿಯ ಮೂತಿಯನ್ನು ಒಮ್ಮೆ ನೋಡದೆ ಹೊರಟಿದ್ದಳು.

ಮುಂದಿನ ಏಣಿನ ಮೇಲೆ ದಾರಿ ಒಂದಿಷ್ಟು ಅಗಲವಾಗುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಕ್ಯಾನಿನಲ್ಲಿ ಗುಳ್ಳೆ ಏಳತೊಡಗಿತ್ತು. ಅವಳು ಗಾಡಿಯನ್ನು ಓರೆಯಾಗಿ ತಿರುಗಿಸಿ, ಅದರ ಮೂತಿಯನ್ನು ಗಾಳಿಗೆ ಒಡ್ಡಿ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಅದು ಜೋರಾಗಿ ತಿರುಗಲೆಂದು ಕೈ ಥ್ರಾಟಲ್ ಸ್ವಲ್ಪ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಕ್ಕೆ ಓಡಿದಳು.

ಹಿಂದೆ ಹಾರ್ನು ಶುರುವಾಯಿತು. ಫುರ್ಬಾ ನೀರಿನ ಕ್ಯಾನು ಹಿಡಿದು ಓಡಿಬಂದ. "ದೀದಿ, ಆರ್ಸಿ. ಎಂಜಿನ್ ಆರ್ಸಿ ಮೊದ್ಲು. ಮುಚ್ಚಳ ತೆಗೀರಿ, ನಾನು ನೀರು ಹುಯ್ತೀನಿ."

"ಮುಚ್ಚಳ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

"ಕುದೀತಾ ಐತೆ ದೀದಿ."

"ಎಂಜಿನ್ ಆರ್ಸಿದ್ರೆ ಆವಾಗ ಕುದಿಯುತ್ತೆ. ಪಂಪು ನಿಲ್ಲುತ್ತೆ, ಫ್ಯಾನು ನಿಲ್ಲುತ್ತೆ, ಒಳಗಿನ ಬಿಸಿ ಎಲ್ಲಿಗೆ ಹೋಗ್ಬೇಕು? ನಿನ್ನ ತಲೇಗಾ? ಬಾ ಇಲ್ಲಿ, ಗಂಟು ಬಿಚ್ಚು."

ಚಳಿಗೆ ಮರಗಟ್ಟಿದ ಬೆರಳುಗಳಿಗೆ ರೇಷ್ಮೆಯ ಗಂಟು ಸಿಕ್ಕುತ್ತಿರಲಿಲ್ಲ. ಒಂದು ಬಿಚ್ಚಿದರೆ ಇನ್ನೊಂದು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಫುರ್ಬಾ ಚಾಕು ತೆಗೆದ. ಹರ್ಕಮಾಯಾ ಅವನ ಮಣಿಕಟ್ಟು ಹಿಡಿದಳು. ಹರಸಿ ಕೊಟ್ಟ ಖಾದಾವನ್ನು ಕತ್ತರಿಸುವಂತಿಲ್ಲ, ನೆಲಕ್ಕೆ ಹಾಕುವಂತಿಲ್ಲ. ಕೈಯಲ್ಲಿ ಹಿಡಿದುಕೊಂಡರೆ ಉಳಿದ ಗಂಟು ಬಿಚ್ಚುವುದು ಹೇಗೆ?

ಸುಬೇದಾರ್ನಿ ಬೊಜ್ಯು ಯಾವಾಗ ಇಳಿದಿದ್ದಳೋ, ಕೋಲೂರಿಕೊಂಡು ಪಕ್ಕಕ್ಕೆ ಬಂದಿದ್ದಳು. "ಕೆಳಗೆ ಹಾಕೀಯೆ ಮತ್ತೆ. ಇಲ್ಲಿ ಹಾಕು, ನನ್ನ ಕೊರಳಿಗೆ."

"ಇಷ್ಟೂ ಹಾಕಿದ್ರೆ ನೀವು ಗೊಂಪಾದ ಮೂರ್ತಿ ಥರ ಕಾಣ್ತೀರ ಬೊಜ್ಯು."

"ಕಾಣ್ಲಿ ಬಿಡೆ. ಬದ್ಕಿರೋವಾಗ್ಲೇ ಪೂಜೆ ಆಗೋಗ್ಲಿ. ಬೇಗ ಬಿಚ್ಚು, ಹಿಂದಿನ ಗಾಡಿಯೋರು ಹಾರ್ನು ಬಡ್ದು ಬಡ್ದು ನನ್ನ ಕಿವಿ ಹೋಯ್ತು."

ಗಂಟುಗಳು ಒಂದೊಂದೇ ಬಿಟ್ಟುಕೊಂಡವು. ಖಾದಾಗಳು ಒಂದೊಂದಾಗಿ ಮುದುಕಿಯ ಕೊರಳು ಸೇರಿದವು. ಕೊನೆಯದನ್ನು ಬಿಡಿಸಿದೊಡನೆ ಫ್ಯಾನಿನ ಸದ್ದೇ ಬದಲಾಯಿತು, ತುಂಬ ಹೊತ್ತು ನೀರಿನಲ್ಲಿ ಮುಳುಗಿದವನು ಉಸಿರೆಳೆದ ಹಾಗೆ.

ಅಷ್ಟರಲ್ಲಿ ಯೊಂಜನ್ ಬಂದು ಕ್ಯಾನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಕಣ್ಣು ಕ್ಯಾನಿನ ಕಂಠದ ಮೇಲೆ. ನೀರು ಅಲ್ಲಿಗೆ ಬಂದು ಮುಟ್ಟಿತ್ತು. ಒಳಗಿನಿಂದ ಗುಳುಗುಳು ಎಂದು ಒಂದೊಂದು ಗುಳ್ಳೆ ಬಂದಾಗಲೂ ಅಂಚು ತುಳುಕುತ್ತಿತ್ತು. ಇನ್ನೊಂದು ಬೊಗಸೆ ಬಂದರೆ ಕಲ್ಲಿನ ಮೇಲೆ ಬೀಳುವುದೇ. ಹಾರ್ನುಗಳು ತಾವಾಗಿಯೇ ನಿಂತವು. ಡ್ರೈವರುಗಳೆಲ್ಲ ಇಳಿದು ಸುತ್ತ ನೆರೆದರು.

"ಒಂದ್ಲೋಟ ತೆಗೆದು ಆಚೆ ಹುಯ್ಯಲಾ?" ಎಂದು ಫುರ್ಬಾ ಪಿಸುಗುಟ್ಟಿದ. "ದಾಜು ಆ ಕಡೆ ನೋಡ್ತಾರೆ, ಏನಂತೀರಿ ದಾಜು?"

ಯೊಂಜನ್ ಕೆಮ್ಮಿ ಆಕಾಶ ನೋಡಿದ.

"ಬೇಡ," ಎಂದಳು ಹರ್ಕಮಾಯಾ. "ಆ ನೀರು ಗಾಡೀದು. ಅದಕ್ಕೆ ವಾಪಸ್ ಬೇಕಾಗುತ್ತೆ. ದಾಜು, ನೀವೂ ಈ ಕಡೆನೇ ನೋಡಿ."

ಗಾಳಿ ಜಾಲರಿಯೊಳಗೆ ಸುಯ್ಯೆಂದು ನುಗ್ಗುತ್ತಿತ್ತು. ಅವಳು ರೇಡಿಯೇಟರಿನ ಪಕ್ಕಕ್ಕೆ ಅಂಗೈ ಹಿಡಿದು ನಿಂತಿದ್ದಳು, ಜ್ವರ ಬಂದ ಮಗುವಿನ ಹಣೆ ನೋಡುವವಳಂತೆ. ಒಂದು ಗುಳ್ಳೆ ಬಂತು. ನೀರು ಕಂಠದ ಅಂಚಿನಲ್ಲಿ ಉಬ್ಬಿ ನಿಂತಿತು. ಬೀಳಲಿಲ್ಲ. ಮತ್ತೊಂದು ಗುಳ್ಳೆ ಬರಲೇ ಇಲ್ಲ. ಎಲ್ಲರೂ ಉಸಿರು ಹಿಡಿದು ನೋಡುತ್ತಿರುವಾಗಲೇ ನೀರಿನ ಮಟ್ಟ ಕೂದಲೆಳೆಯಷ್ಟು ಇಳಿಯಿತು. ಆಮೇಲೆ ಬೆರಳಷ್ಟು. ಎಂಜಿನ್ ತನ್ನ ಹದಕ್ಕೆ ಇಳಿದಂತೆಲ್ಲ ಕೊಳವೆ ಸದ್ದಿಲ್ಲದೆ ನೀರನ್ನು ಒಳಗೆ ಸೇದಿಕೊಂಡಿತು.

ಫುರ್ಬಾ ಗಾಡಿಯ ಅಡಿಗೆ ತೂರಿ, ಕಲ್ಲುಗಳನ್ನು ಕೈಯಿಂದ ತಡವಿ ನೋಡಿ, ಅಂಗೈ ಎತ್ತಿ ತೋರಿಸಿದ. ಧೂಳು ಮಾತ್ರ.

"ಏನ್ ನೋಡ್ತಾ ನಿಂತಿದೀರ?" ಎಂದಳು ಬೊಜ್ಯು, ಖಾದಾಗಳ ನಡುವೆ ಮೂಗು ಮಾತ್ರ ಕಾಣುವಂತೆ. "ಗಾಡಿ ನೀರು ಕುಡಿಯೋದನ್ನ ಯಾರೂ ಕಂಡಿಲ್ವ? ಹತ್ರಿ ಹತ್ರಿ."

ಕಾಲಿಪೋಖ್ರಿಯಲ್ಲಿ ಕೆರೆಯಂಚಿನ ಪ್ರಾರ್ಥನೆಯ ಧ್ವಜಗಳ ಹಗ್ಗಕ್ಕೆ ಬೊಜ್ಯು ಒಂದೊಂದಾಗಿ ಖಾದಾಗಳನ್ನು ಕಟ್ಟಿದಳು. ಒಂದನ್ನು ಮಾತ್ರ ಕೊರಳಲ್ಲೇ ಉಳಿಸಿಕೊಂಡು, ಇದು ನನ್ನ ಕೂಲಿ ಎಂದು ಮಗಳ ಮನೆಯ ಕಡೆ ಕೋಲೂರಿಕೊಂಡು ಹೋದಳು. ಅಲ್ಲಿಂದ ಬಿಖೆಭಂಜ್ಯಾಂಗ್, ಆಮೇಲೆ ಎಲ್ಲಕ್ಕಿಂತ ಕಡಿದಾದ ಕೊನೆಯ ಏರು. ಅಲ್ಲಿ ಹೊಸ ಗಾಡಿಗಳೇ ಎರಡು ನಿಂತವು, ಒಂದಕ್ಕೆ ಕ್ಲಚ್ಚು ಸುಟ್ಟಿತು, ಇನ್ನೊಂದು ಹಬೆ ಉಗುಳಿತು. ಹರ್ಕಮಾಯಾ ಅವೆರಡನ್ನೂ ಸುತ್ತಿಬಳಸಿ, ಮುಳ್ಳಿನ ಮೇಲೊಂದು, ಕ್ಯಾನಿನ ಮೇಲೊಂದು ಕಣ್ಣಿಟ್ಟು, ಒಂದೇ ಉಸಿರಿಗೆ ಹತ್ತಿಸಿದಳು. ಹಿಂದೆ ಕೂತ ಹುಡುಗರು ತಮಗೇನೂ ತಿಳಿಯದಿದ್ದರೂ ಮೇಲೆ ಮುಟ್ಟಿದೊಡನೆ ಚಪ್ಪಾಳೆ ಹೊಡೆದರು.

ಸಂದಕ್‌ಫುವಿನ ಚಹಾ ಅಂಗಡಿಯಲ್ಲಿ ಒಲೆಯ ಸುತ್ತ ಡ್ರೈವರುಗಳು ಸೇರಿದರು. ಮೂಲೆಯಿಂದ ಯಾರೋ, "ಆದ್ರೂ ನಡುದಾರೀಲಿ ನಿಂತಳಲ್ಲ," ಎಂದು ಗೊಣಗಿದರು.

"ನಿಂತಳು," ಎಂದ ಯೊಂಜನ್. "ನೀರು ಬಿತ್ತಾ?"

"ಇಲ್ಲ."

"ಮಾತು ಆಗಿದ್ದು ನೀರಿನ ಮೇಲೆ. ನಂಬರು ಅವಳ್ದೇ. ಇನ್ನು ಈ ವಿಷ್ಯ ಯಾರೂ ಎತ್ತಬೇಡಿ."

ಆಮೇಲೆ ಅವನು ತನ್ನ ಲೋಟ ಹಿಡಿದು ಹರ್ಕಮಾಯಾಳ ಪಕ್ಕಕ್ಕೆ ಬಂದು ಕೂತ. ಅವನ ದನಿ ಸಭೆಯ ದನಿಯಾಗಿರಲಿಲ್ಲ. "ಬೈನಿ, ಒಂದ್ ಮಾತು. ಸಂಘದ ಉಗ್ರಾಣದಲ್ಲಿ ಹೊಸ ರೇಡಿಯೇಟರ್ ಒಂದಿದೆ, ಮುಚ್ಚಳ ಕ್ಯಾನು ಎಲ್ಲಾ ಜೊತೇಲೇ ಬಂದಿರೋದು. ಸುಮ್ನೆ ತಗೊ. ಇವತ್ತು ನೀನು ಗೆದ್ದೆ, ನಾನೇ ಕಣ್ಣಾರೆ ಕಂಡೆ. ಆದ್ರೆ ಪ್ರತಿ ಏರಿನಲ್ಲೂ ಹಿಂಗೆ ಕ್ಯಾನು ನೋಡ್ಕೊಂಡು ಎಷ್ಟು ವರ್ಷ ಓಡಿಸ್ತೀಯ? ಇಳಿಯೋವಾಗ ಫುರ್ಬಾ ನಿನ್ನ ಹಿಂದೇನೇ ನೀರು ಇಟ್ಕೊಂಡು ಬರ್ತಾನೆ. ನಾನೇ ಹೇಳಿದೀನಿ."

ಹರ್ಕಮಾಯಾ ಲೋಟದ ತಳದ ಚಹಾವನ್ನು ಕುಡಿದು ಮುಗಿಸಿದಳು. ಲೋಟವನ್ನು ತಾನೇ ತೊಳೆದು, ಬೋರಲು ಹಾಕಿ, ಶಾಲು ಬಿಗಿದುಕೊಂಡು ಎದ್ದಳು.

"ನಿಮ್ಮ ಮನಸ್ಸು ದೊಡ್ಡದು ದಾಜು, ಇಲ್ಲ ಅನ್ನಲ್ಲ. ಆದ್ರೆ ಆ ಹೊಸದನ್ನ ದಾರೀಲಿ ಹಬೆ ಬಿಟ್ಕೊಂಡು ನಿಂತಿದೆಯಲ್ಲ, ಆ ಗಾಡಿಗೆ ಕೊಡಿ, ಪಾಪ. ನಂದು ಎಲ್ಲಿ ಬಿರಿಯುತ್ತೆ, ಎಷ್ಟು ತಡಿಯುತ್ತೆ, ಯಾವಾಗ ಉಗುಳುತ್ತೆ, ಎಲ್ಲಾ ನಂಗೊತ್ತು. ನಿಮ್ಮ ಹೊಸದು ಮುನಿಸ್ಕೊಂಡ್ರೆ ನಾನು ಯಾರ ಮನೆ ಬಾಗ್ಲಿಗೆ ಹೋಗಿ ನಿಲ್ಲಲಿ? ಇನ್ನು ಫುರ್ಬಾ. ಅವನು ನನ್ನ ಹಿಂದೆ ಬರೋದು ಬೇಡ, ಮುಂದೆ ಹೋಗ್ಲಿ. ಅವನ ಬ್ರೇಕು ಕಿರುಗುಡ್ತಾ ಐತೆ, ಬೆಳಗ್ಗೆಯಿಂದ ಕೇಳ್ತಾ ಇದೀನಿ. ಏನಾದ್ರೂ ಆದ್ರೆ ಹಿಂದಿಂದ ನಾನು ನೋಡ್ಕೋತೀನಿ."